ಸಂಪಗಾಂವದ ಹೊಲಕ್ಕೆ ನುಗ್ಗಿದ ವಿಮಾನ

"ಆಯೀ, ಸರಕೋ... ವಿಮಾನ ಬರಾಕತ್ತೈತಿ!"

ಗಂಗಾ ಕೂಗುತ್ತ ಓಡಿದಳು. ವಿಮಾನ ಏರುವ ಮಣ್ಣಿನ ದಾರಿಯ ನಡುವೆ ಅವಳ ಅಜ್ಜಿ ಕೆಂಚವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಸಂಪಗಾಂವದಲ್ಲಿ ಹೊಸ ಟ್ರ್ಯಾಕ್ಟರ್ ಬರಲಿ, ಹೊಸ ಬೈಕ್ ಬರಲಿ, ಈ ಮುದುಕಿ ಆರತಿ ಬೆಳಗದೆ ಮುಂದೆ ಹೋದದ್ದಿಲ್ಲ. ಸಕ್ಕರೆ ಕಾರ್ಖಾನೆಯ ಸಾಹುಕಾರರು ತರಿಸಿದ ಪುಟ್ಟ ವಿಮಾನವನ್ನು ಬಿಟ್ಟಾಳೆಯೇ? ಟ್ರ್ಯಾಕ್ಟರಿನಂತೆ ಅದೂ ತನ್ನೆದುರು ಬಂದು ನಿಲ್ಲುತ್ತದೆ ಎಂದೇ ನಂಬಿದ್ದಳು.

ಇನ್ನೇನು ಮೇಲೇಳಬೇಕಿದ್ದ ವಿಮಾನದ ಸದ್ದು ತಟ್ಟನೆ ಅಡಗಿತು. ಅದು ಪಕ್ಕಕ್ಕೆ ಹೊರಳಿ, ಹತ್ತಿ ಹೊಲಕ್ಕೆ ನುಗ್ಗಿ, ಎರೆಮಣ್ಣಿನಲ್ಲಿ ಮೂಗು ಹುಗಿದು ನಿಂತಿತು.

ಬಾಗಿಲು ತಳ್ಳಿ ಇಳಿದವನು ಪೈಲಟ್ ಮಹಾದೇವ, ರಾಮದುರ್ಗದವನು. ಹಣೆಯಿಂದ ರಕ್ತ ಸುರಿಯುತ್ತಿತ್ತು.

ಅಜ್ಜಿಯನ್ನು ತಬ್ಬಿಕೊಂಡೇ ಗಂಗಾ ಅವನ ಮೇಲೆ ಹರಿಹಾಯ್ದಳು. "ಕಣ್ಣ ಕಾಣಂಗಿಲ್ಲೇನ್ರಿ ನಿಮಗ?"

"ಕಂಡಿದ್ದಕ್ಕ ಹೊಲಕ್ಕ ಹೊಕ್ಕೇನ್ರಿ. ಆಯಿಗೆ ಏನೂ ಆಗಿಲ್ಲಲ್ರಿ?"

ಅಷ್ಟು ಕೇಳಿ ಅವನು ಅಲ್ಲೇ ಕುಸಿದ. ಬೈಯುತ್ತಿದ್ದ ಗಂಗಾಳೇ ತನ್ನ ಓಢಣಿ ಹರಿದು ಅವನ ಹಣೆಗೆ ಕಟ್ಟಿದಳು.

ಗಂಗಾ ಬೈಲಹೊಂಗಲದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಾಯಕ್ಕೆ ಪಟ್ಟಿ ಬೇಕೆಂದು ಮಹಾದೇವ ಅಲ್ಲಿಗೆ ಬರತೊಡಗಿದ. ಗಾಯ ಮಾಯ್ದ ಮೇಲೂ ಬಂದ!

"ಇನ್ನ ಎಷ್ಟ ದಿನಾ ಪಟ್ಟಿ ಒಯ್ತೀರಿ? ಹಣಿ ಮ್ಯಾಲ ಗಾಯನ ಕಾಣವಲ್ದು."

"ಒಳಗ ಇನ್ನೂ ಹಸಿ ಐತ್ರಿ."

ನಗು ಮುಚ್ಚಿಡಲು ಅವಳು ಕಪಾಟಿನ ಕಡೆ ತಿರುಗಿದಳು. ಮನಸ್ಸಂತೂ ಆಗಲೇ ಅವನ ಪಾಲಾಗಿತ್ತು.

ಹೀಗಿದ್ದವನು ಒಮ್ಮೆಲೇ ಬರುವುದನ್ನು ಬಿಟ್ಟ. ಫೋನೂ ಎತ್ತಲಿಲ್ಲ. ಗಂಗಾಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಾಗಿಲಲ್ಲಿ ನೆರಳು ಸುಳಿದರೆ ಸಾಕು, ತಲೆ ಎತ್ತಿ ನೋಡುವಳು. ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನ ಗುಳಿಗೆ ಕೊಡಹೋಗಿ ಮಾಲಕರಿಂದ ಬೈಸಿಕೊಂಡಳು.

ಅಷ್ಟರಲ್ಲಿ ಅವಳ ಅಣ್ಣ ಪರಶು ಸುದ್ದಿ ತಂದ. "ಕಿತ್ತೂರ ಪ್ರವಾಸಿ ಮಂದಿರದಾಗ ವಿಚಾರಣಿ ನಡದೈತಿ. ಆ ಪೈಲಟ್ ಆಯಿ ಹೆಸರ ಹೇಳ್ಯಾನಂತ. ಆಯಿ ಮ್ಯಾಲ ಕೇಸ್ ಆಗೂದ ಖರೆ ಅಂತ ಮಂದಿ ಮಾತಾಡಾಕತ್ತಾರ."

'ಅದಕ್ಕೇ ಮುಖ ತೋರಿಸಲಿಲ್ಲವೇ? ನನ್ನ ಆಯಿಯನ್ನು ಹಿಡಿದುಕೊಟ್ಟು ತಾನು ಪಾರಾದನೇ?'

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದ ಮಹಾದೇವನಿಗೆ ಮುಖಕ್ಕೆ ಹೊಡೆದಂತೆ ಹೇಳಿದಳು. "ಮುಪ್ಪಾದ ಜೀವದ ಮ್ಯಾಲ ಹಾಕಿ ನೀವು ಪಾರಾದ್ರಿ. ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ್ರಿ."

ಅವನು ತಲೆ ತಗ್ಗಿಸಿ ಹೋದ. ಅದೇ ಅವಳನ್ನು ಇನ್ನಷ್ಟು ಕಾಡಿತು. ತಿರುಗಿ ಜಗಳವನ್ನಾದರೂ ಆಡಬಾರದಿತ್ತೇ...

ವಿಮಾನದ ಮೆಕ್ಯಾನಿಕ್ ಸುಭಾಸ ತಲೆನೋವಿನ ಗುಳಿಗೆಗೆಂದು ಅಂಗಡಿಗೆ ಬಂದ. ಗಂಗಾ ತಡೆಯಲಾರದೆ ವಿಚಾರಣೆಯ ಬಗ್ಗೆ ಕೇಳಿಯೇಬಿಟ್ಟಳು.

"ಅಂವ ಯಾರ ಹೆಸರನೂ ಹೇಳಿಲ್ಲ, ತಂಗಿ. ದಾರ್ಯಾಗ ಯಾರೂ ಇದ್ದಿಲ್ಲ, ನಾನ ತಪ್ಪಿ ಹೊಲಕ್ಕ ಹೊಕ್ಕೆ ಅಂದಾನ. ನಾಳೆ ಲೈಸೆನ್ಸ್ ಹೋಗ್ತೈತಿ. ಹಾರೂದ ಬಿಟ್ರ ಆ ಹುಡುಗಗ ಬ್ಯಾರೆ ಜೀವನನ ಇಲ್ಲ."

ಗಂಗಾ ಗುಳಿಗೆ ಕೊಡುವುದನ್ನೂ ಮರೆತಳು. ನಿಜ ಹೇಳಿದರೆ ಆಯಿಗೆ ಕುತ್ತು. ಸುಮ್ಮನಿದ್ದರೆ ಅವನು ಮತ್ತೆಂದೂ ಹಾರಲಾರ. ಏನು ಮಾಡಲಿ? ಯಾರನ್ನು ಉಳಿಸಲಿ?

ಮನೆಗೆ ಬಂದು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿ ಅತ್ತಳು.

ಕೆಂಚವ್ವ ಅವಳ ತಲೆ ಸವರಿದಳು. "ನಾ ಅಡ್ಡ ನಿಂತದ್ದಕ್ಕ ಆ ಕೂಸು ಸುಳ್ಳ ಹೇಳೇತೇನ? ನನ್ನ ಚಲೋ ಸೀರಿ ತಗದಿಡು. ಮುಂಜಾನೆ ಕಿತ್ತೂರಿಗೆ ಹೋಗೂಣು."

ವಿಚಾರಣೆಯ ಅಧಿಕಾರಿಗಳ ಮುಂದೆ ಮುದುಕಿ ಎದೆಯೆತ್ತಿ ನಿಂತಳು. "ಅಡ್ಡ ನಿಂತಾಕಿ ನಾನ್ರಿ, ಸಾಹೇಬ್ರ. ಶಿಕ್ಷಾ ನನಗ ಕೊಡ್ರಿ. ಅಂವ ನಿಲ್ಲಸದಿದ್ರ ಇವತ್ತ ನಾ ಇರ್ತಿದ್ದಿಲ್ಲ."

ವಿಮಾನದ ದಾರಿಗೆ ಕಾವಲು ಹಾಕದ ತಪ್ಪು ಸಾಹುಕಾರರ ತಲೆಗೆ ಬಂತು. ಅಧಿಕಾರಿಗಳು ಅಜ್ಜಿಗೆ ಬುದ್ಧಿಮಾತು ಹೇಳಿ ಬಿಟ್ಟರು. ಮಹಾದೇವ ವಿಮಾನ ನಿಲ್ಲಿಸಿದ್ದು ಸರಿ ಎಂದರು. ಆದರೆ ಸುಳ್ಳು ಹೇಳಿದ್ದಕ್ಕೆ ಮೂರು ತಿಂಗಳು ಹಾರುವಂತಿಲ್ಲ!

ಹೊರಗೆ ಬೇವಿನ ಮರದ ಕೆಳಗೆ ಮಹಾದೇವ ಒಬ್ಬನೇ ನಿಂತಿದ್ದ. ಗಂಗಾ ಹತ್ತಿರ ಹೋದಳು.

"ಯಾಕ ಸುಳ್ಳ ಹೇಳಿದ್ರಿ?"

"ಖರೇನ ತಪ್ಪು ನಂದ ಐತ್ರಿ. ಬಿಸಲಿಗೆ, ದೂಳಿಗೆ ಆಯಿ ನನಗ ಕಂಡಿದ್ದೇ ಇಲ್ಲ, ಗಂಗಾ. ನೀವು ಓಡಿ ಬಂದದ್ದು ಕಂಡಿತು. ನೀವು ಬರದಿದ್ರ... ಇದನ್ನ ನಿಮ್ಮ ಮುಂದ ಹ್ಯಾಂಗ ಹೇಳ್ಲಿ ಅಂತ ಹೆದರಿ ಅಂಗಡಿಗೆ ಬರೂದ ಬಿಟ್ಟೆ."

ಗಂಗಾಳ ಕಣ್ಣು ತುಂಬಿ ಬಂತು. ಇಷ್ಟು ದಿನ ಇವನು ಇದನ್ನು ಒಬ್ಬನೇ ಹೊತ್ತು ತಿರುಗಿದನಲ್ಲ! ಅದರ ಮೇಲೆ ನನ್ನ ಮಾತು ಬೇರೆ...

"ಮೂರ ತಿಂಗಳ ನೆಲದ ಮ್ಯಾಲ ಏನ ಮಾಡ್ತೀರಿ?"

"ನಿಮ್ಮ ಅಪ್ಪಾರ ಮುಂದ ಕುಂತು ನಿಮ್ಮನ್ನ ಕೇಳೂ ಧೈರ್ಯ ಕಲೀತೇನಿ."

ಅವಳು ಅಳುತ್ತಲೇ ನಕ್ಕಳು. "ಕಲೀರಿ. ಆದ್ರ ಇನ್ನೊಮ್ಮೆ ಹೆದರಿಕಿ ಬಂತಂದ್ರ ನನ್ನ ಬಿಟ್ಟ ದೂರ ಹೋಗಬ್ಯಾಡ್ರಿ. ನನ್ನ ಹತ್ರ ಬರ್ರಿ."

"ಈಗೂ ಹೆದರಿಕಿ ಆಗೇತ್ರಿ," ಎಂದು ಮಹಾದೇವ ಕೈ ಚಾಚಿದ.

ಗಂಗಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.