ಷಡ್ಡಕ ಕೊಟ್ಟ ಕಾರು

ಆ ಕಾರನ್ನು ರುದ್ರೇಶ್ ಬೇರೆ ಯಾರಿಂದಲಾದರೂ ಕೊಂಡಿದ್ದರೆ, ಎರಡನೇ ಸಲ ಕೆಟ್ಟು ನಿಂತಾಗಲೇ ಅವರ ಬಾಗಿಲಿಗೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಿಬಿಡುತ್ತಿದ್ದ. ಆದರೆ ಕೊಟ್ಟವನು ಷಡ್ಡಕ, ಹೆಂಡತಿಯ ತಂಗಿ ಪವಿತ್ರಳ ಗಂಡ ಮದನ್. ತಿ. ನರಸೀಪುರದಲ್ಲಿ ಹಳೇ ಕಾರುಗಳ ವ್ಯಾಪಾರ ಅವನದು. ಮಧ್ಯೆ ನಿಂತು ಮಾತು ಮುಗಿಸಿದವರು ಇಬ್ಬರಿಗೂ ಹೆಣ್ಣು ಕೊಟ್ಟ ಮಾವ ಚಿಕ್ಕಬಸಪ್ಪ. "ನಮ್ ನಮ್ಮೊಳ್ಗೆ ಮೋಸ ಇರ್ತದಾ? ಕಣ್ಮುಚ್ಕೊಂಡು ತಕೊಳ್ಳಿ ಅಳಿಯಂದ್ರೇ" ಎಂದಿದ್ದರು. ರುದ್ರೇಶ್ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡ. ತೆರೆದಾಗ ಬದನವಾಳಿನ ರಸ್ತೆಯಲ್ಲಿ ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು.

ಅಲ್ಲಿಂದ ಮುಂದೆ ಆ ಶನಿ ಮದುವೆಗೆ ಹೊರಟರೂ ನಿಂತಿತು, ಸಾವಿಗೆ ಹೊರಟರೂ ನಿಂತಿತು. ಹದಿನಾರು ಎಂಬ ಊರಿನಲ್ಲಿ ಒಂದು ದಿಬ್ಬಣಕ್ಕೆ ಅಡ್ಡಲಾಗಿ ನಿಂತು, ವಾಲಗದವರು ವಾದ್ಯ ಕೆಳಗಿಟ್ಟು ತಳ್ಳಬೇಕಾಯಿತು. ನಂಜನಗೂಡಿನಲ್ಲಿ ರುದ್ರೇಶನದು ಸಿಮೆಂಟು-ಕಬ್ಬಿಣದ ಅಂಗಡಿ. ಗಿರಾಕಿಗಳು ಬಂದವರೇ, "ಏನ್ಸಾ, ಇವತ್ತು ಗಾಡಿ ನಿಮ್ಮುನ್ನ ತಂತಾ, ನೀವೇ ಗಾಡಿನ ತಂದ್ರಾ?" ಎಂದು ಕೇಳಿ ನಕ್ಕು, ಆಮೇಲೆ ಸಿಮೆಂಟಿನ ಮಾತೆತ್ತುತ್ತಿದ್ದರು. ಮೆಕ್ಯಾನಿಕ್ ನಾಗಯ್ಯ ಇಂಜಿನ್ನಿಗೆ ಕಿವಿಕೊಟ್ಟು ಕೇಳಿ, "ಗಟ್ಟಿ ಆಯಿಲ್ ಉಯ್ದು ಸದ್ದು ಮುಚ್ಚಿ ಮಾರವ್ರೆ ಸಾ. ಇನ್ನೊಂದ್ಸಲ ಜಾಸ್ತಿ ಕಾದ್ರೆ ಇಂಜಿನ್ ಜಾಮ್ ಆಯ್ತದೆ. ಆಮೇಲೆ ಗುಜ್ರಿನೇ ಗತಿ" ಎಂದ.

ಮಾವನಿಗೆ ಹೇಳಿದರೆ, "ಅವ್ನೂ ನಮ್ಮವ್ನೇ ಅಲ್ವಾ, ಒಟ್ಟೆಗಾಕೊಳ್ಳಿ" ಎಂದರು. ಹೆಂಡತಿ ಶಿವರಂಜನಿ, "ತಂಗಿ ಮನೆ ವಿಷ್ಯ ಕಣ್ರೀ, ಬಾಯ್ ಬಿಡ್ಬೇಡಿ" ಎಂದಳು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮೋಸ ಮಾಡಿದವನು ಜಾಣ ಅಳಿಯ, ಮೋಸ ಹೋದವನು ಬಾಯಿಬಡುಕ ಅಳಿಯ! ರುದ್ರೇಶನಿಗೆ ರಾತ್ರಿ ಊಟ ಸೇರದಂತಾಯಿತು.

ಇನ್ಶೂರೆನ್ಸಿನವರನ್ನು ಕೇಳಿದ. ಸವೆದು ಹೋದ ಇಂಜಿನ್ನಿಗೆ ಅವರು ಬಿಡಿಗಾಸು ಕೊಡುವುದಿಲ್ಲ. ಕಾರು ಕಳುವಾದರೆ ಕೊಡುತ್ತಾರೆ. ಆ ಮಾತು ಅವನ ತಲೆಯೊಳಗೆ ಹೊಕ್ಕು ಕೂತಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ರುದ್ರೇಶ್ ಅವಸರ ಮಾಡಲಿಲ್ಲ. ಮೊದಲು, ಮೈಸೂರಿನಲ್ಲಿ ಇಂಜಿನ್ ಸರಿಮಾಡಿಸಿದೆ ಎಂದು ಮನೆಯವರಿಗೂ ಗಿರಾಕಿಗಳಿಗೂ ಹೇಳುತ್ತ ಬಂದ. ಕೆಟ್ಟ ಕಾರು ಕಳುವಾಯಿತೆಂದರೆ ಯಾರೂ ನಂಬುವುದಿಲ್ಲ; ಓಡುವ ಕಾರು ಕಳುವಾದರೆ ಅಯ್ಯೋ ಪಾಪ ಅನ್ನುತ್ತಾರೆ. ಎರಡು ಕೀಲಿಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿ ಜೇಬಿನಲ್ಲಿ ಜೋಪಾನ ಮಾಡಿದ, ಪೊಲೀಸರು ಮೊದಲು ಕೇಳುವುದೇ ಅದನ್ನು. ಮೈಸೂರಿನ ಗುಜರಿ ಮಹಾದೇವಸ್ವಾಮಿಯನ್ನು ಗೊತ್ತು ಮಾಡಿದ. ಬರುವ ವಾರ ಮೈಸೂರಿನ ಮಾರುಕಟ್ಟೆ ಹತ್ತಿರ ಕಾರು ನಿಲ್ಲಿಸಿ ರುದ್ರೇಶ್ ತರಕಾರಿಗೆ ಹೋಗಬೇಕು, ಮಹಾದೇವಸ್ವಾಮಿ ಕೀಲಿಯಿಲ್ಲದೆ ವೈರು ಜೋಡಿಸಿ ಅದನ್ನು ಓಡಿಸಿಕೊಂಡು ಹೋಗಿ ಸಂಜೆಯೊಳಗೆ ಬಿಚ್ಚಿ ಹಾಕಬೇಕು. ಬಿಡಿಭಾಗಗಳೆಲ್ಲ ಅವನಿಗೆ.

ಆದರೆ ಆ ದರಿದ್ರದ್ದು ಕಳುವಾಗುವುದಕ್ಕಾದರೂ ಸರಿಯಾಗಿ ಓಡಬೇಕಲ್ಲ!

ಅದಕ್ಕೆ ಮುಂಚೆ ಮದನ್ ತಿ. ನರಸೀಪುರದ ಹೊರಗೆ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಬಂತು. ಶಿವರಂಜನಿ ಹಿಂದಿನ ದಿನವೇ ಅಪ್ಪ ಅಮ್ಮನ ಜೊತೆ ಹೋಗಿದ್ದಳು. ರುದ್ರೇಶ್ ಬೆಳಿಗ್ಗೆ ಒಬ್ಬನೇ ಹೊರಟ. ಊರು ಇನ್ನೇನು ಸಿಕ್ಕಿತು ಅನ್ನುವಾಗ, ನಾಲೆಯ ಸೇತುವೆಗೆ ಏರುವ ಕಡೆ, ಬಾನೆಟ್ಟಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದ ಸದ್ದಾಯಿತು. ಕಾರು ಒಮ್ಮೆ ಜಗ್ಗಿ, ಹೊಂಗೆ ಮರಗಳ ಸಾಲಿನ ಪಕ್ಕ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಟಕ್ ಅನ್ನುವುದು ಬಿಟ್ಟು ಬೇರೆ ಸದ್ದಿಲ್ಲ. ನಾಗಯ್ಯ ಹೇಳಿದ್ದು ಬಂದೇ ಬಂತು, ಜಾಮ್.

ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ಸ್ಟೇರಿಂಗಿಗೆ ಗುದ್ದಿದ. "ನಿನ್ನ ವಂಶ ನಿರ್ವಂಶವಾಗ" ಎಂದು ಬೈದ. ಬೈದದ್ದು ಕಾರಿಗೋ ಮದನನಿಗೋ ಅವನಿಗೇ ಸ್ಪಷ್ಟವಿರಲಿಲ್ಲ. ಈಗ ಇದನ್ನು ತಳ್ಳಿಸಿಕೊಂಡು ಗೃಹಪ್ರವೇಶಕ್ಕೆ ಹೋದರೆ ನೆಂಟರೆದುರು ನಗೆಪಾಟಲು. ಅದಕ್ಕಿಂತ ಹೆಚ್ಚಾಗಿ, ಇಂಜಿನ್ ಸತ್ತದ್ದು ಒಬ್ಬನಿಗೆ ಗೊತ್ತಾದರೂ ಕಳ್ಳತನದ ಕತೆ ಅಲ್ಲಿಗೇ ಸತ್ತಂತೆ. ಆಮೇಲೆ ಈ ಹೆಣವನ್ನು ಅವನೇ ಜೀವನಪೂರ್ತಿ ಹೊರಬೇಕು.

ಇಳಿದು ಸುತ್ತ ನೋಡಿದ. ಒಂದು ನರಪಿಳ್ಳೆ ಇಲ್ಲ. ಅಂಗಡಿ ಇಲ್ಲ, ಕ್ಯಾಮೆರಾ ಇಲ್ಲ. ಮದನನ ಮನೆ ಸೇತುವೆಯ ಆಚೆ, ನಡೆದು ಹೋಗುವಷ್ಟು ದೂರ. ಸಿಟ್ಟು ಇಳಿಯಿತು, ಬುದ್ಧಿ ಓಡತೊಡಗಿತು. ಮುಂದಿನ ವಾರ ಯಾಕೆ? ಇವತ್ತೇ ಆಗಲಿ. ಮಹಾದೇವಸ್ವಾಮಿಗೆ ಫೋನ್ ಹಚ್ಚಿ, ಅತ್ತಿಂದಿತ್ತ ಓಡಾಡುತ್ತ ಮಾತಾಡಿದ.

"ಎಳ್ಕಂಡೋಗೋ ಗಾಡಿ ತರ್ಬೇಕಾಯ್ತದೆ" ಎಂದ ಮಹಾದೇವಸ್ವಾಮಿ. "ಅಗಲೊತ್ತು ಬೇರೆ. ಯಾರಾರ ನೋಡುದ್ರೆ?"

"ನೋಡ್ಲಿ ಬಿಡೋ. ಕೆಟ್ಟ ಗಾಡಿ ಎಳ್ಕೊಂಡೋಗೋದ್ನ ಯಾರ್ ತಿರುಗಿ ನೋಡ್ತಾರೆ? ಸೇತುವೆ ದಾಟಿ ಹಂಗೇ ಮೈಸೂರಿಗೆ ಹೊಡಿ. ಆದಮೇಲೆ ಒಂದು ಮಿಸ್ಡ್ ಕಾಲ್ ಕೊಡು ಸಾಕು."

ಫೋನ್ ಇಟ್ಟಾಗ ರುದ್ರೇಶನಿಗೆ ತನ್ನ ಮೇಲೇ ಮೆಚ್ಚುಗೆ ಹುಟ್ಟಿತು. ಬಾಗಿಲು ಹಾಕಿ, ಮುಖ ಒರೆಸಿಕೊಂಡು, ಹಣ್ಣಿನ ಬುಟ್ಟಿ ಹೆಗಲಿಗೇರಿಸಿ ಸೇತುವೆ ಹತ್ತಿದ.

ಮದನ್ ಜರಿ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದ. "ಇದೇನಣ್ಣ ನಡ್ಕೊಂಡ್ ಬಂದ್ರಿ? ಗಾಡಿ?"

"ನಿಮ್ ಬೀದೀಲಿ ಜಾಗ ಎಲ್ಲಯ್ಯ? ಸೇತುವೆ ಆಚೆ ನೆರಳಲ್ಲಿ ಬಿಟ್ಟು ಬಂದೆ."

"ಹೆಂಗೋಡ್ತದೆ ಈಗ?"

"ಹೂವಿನಂಗೆ!" ಎಂದ ರುದ್ರೇಶ್, ಮಾವನಿಗೂ ಕೇಳುವಂತೆ. "ನೀನು ಕೊಟ್ಟ ಗಾಡಿ ಅಲ್ವಾ, ಚಿನ್ನ ಕಣಯ್ಯ."

ಆ ಮಾತು ಹೇಳುವಾಗ ಅವನ ಹೊಟ್ಟೆ ಉರಿದುಹೋಯಿತು. ಮದನ್ ಮಾತ್ರ ಹಿಗ್ಗಿ, ಪಕ್ಕದಲ್ಲಿದ್ದವರಿಗೆಲ್ಲ, "ನೋಡಿ, ನಾನು ನಮ್ಮೋರ್ಗೆ ಒಳ್ಳೇದನ್ನೇ ಕೊಡೋದು" ಎಂದು ಸಾರಿದ. ಇರಲಿ, ಹಿಗ್ಗಲಿ. ಇಷ್ಟು ಜನ ಸಾಕ್ಷಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಎರಡನೇ ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ಜೇಬಿನಲ್ಲಿ ಫೋನ್ ಒಮ್ಮೆ ಗುಂಯ್ಗುಟ್ಟಿ ನಿಂತಿತು. ರುದ್ರೇಶ್ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು. ಎಲೆ ಅಡಿಕೆ ಮೆದ್ದು, "ನೀರಿನ ಬಾಟ್ಲಿ ಕಾರಲ್ಲೈತೆ, ತರ್ತೀನಿ" ಎಂದು ಶಿವರಂಜನಿಗೆ ಹೇಳಿ ಹೋದವನು ಸೇತುವೆಯ ಮೇಲಿಂದ ದೂರಕ್ಕೆ ಕಣ್ಣು ಹಾಯಿಸಿದ. ಮರದ ಸಾಲಿನ ಪಕ್ಕ ಕಾರಿಲ್ಲ. ಅಷ್ಟು ಸಾಕಾಗಿತ್ತು. ಅಲ್ಲಿಂದಲೇ ಓಡೋಡಿ ವಾಪಸು ಬಂದು, "ಅಯ್ಯಯ್ಯೋ, ಗಾಡಿ ಇಲ್ಲ ಕಣೇ!" ಎಂದು ಅಂಗಳದಲ್ಲಿ ಕುಸಿದು ಕೂತ. ಶಿವರಂಜನಿ ಅತ್ತೇಬಿಟ್ಟಳು. ಅವಳ ಅಳು ನೋಡಿ ಅವನಿಗೆ ಒಂದು ಗಳಿಗೆ ಪಾಪ ಅನ್ನಿಸಿತು.

ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ನಂಜುಂಡಸ್ವಾಮಿ ಬೈಕಿನಲ್ಲಿ ಬಂದರು. ರುದ್ರೇಶ್ ಎರಡೂ ಕೀಲಿಕೈ ಕೈಗಿಟ್ಟ. ಇಂಜಿನ್ ಹೇಗಿತ್ತು ಎಂದು ಕೇಳಿದ್ದಕ್ಕೆ ಅವನು ಬಾಯಿ ತೆರೆಯುವ ಮೊದಲೇ ಮದನ್, "ಹೂವಿನಂಗೆ ಓಡ್ತಿತ್ತು ಸಾ, ನಾನೇ ಕೊಟ್ಟಿದ್ದು" ಎಂದ. ಮಾವ ತಲೆಯಾಡಿಸಿದರು. ನಂಜುಂಡಸ್ವಾಮಿ, "ನಡೀರಿ, ಜಾಗ ತೋರ್ಸಿ" ಎಂದರು. ಮಾವ, ಮದನ್, ನಾಲ್ಕಾರು ನೆಂಟರು ಹಿಂದೆಯೇ ಬಂದರು. ಹೋಗುವ ದಾರಿಯಲ್ಲಿ ರುದ್ರೇಶ್ ಎಲ್ಲವನ್ನೂ ಇನ್ನೊಮ್ಮೆ ಒರೆಗೆ ಹಚ್ಚಿ ನೋಡಿದ. ಎಲ್ಲೂ ಒಂದು ಬಿರುಕಿರಲಿಲ್ಲ.

"ಸರ್ಯಾಗಿ ಎಲ್ಲಿ ನಿಲ್ಸಿದ್ರಿ?" ಎಂದರು ನಂಜುಂಡಸ್ವಾಮಿ. "ಇಲ್ಲೇ ಸಾ, ಈ ಮರದ ಬುಡಕ್ಕೆ" ಎಂದು ರುದ್ರೇಶ್ ಕೈ ಚಾಚಿ ತೋರಿಸಿದ. ಅವರು ಬಹಳ ಹೊತ್ತು ನೆಲವನ್ನೇ ನೋಡಿದರು. ರುದ್ರೇಶನೂ ನೋಡಿದ. ಅವನು ತೋರಿಸಿದ ಜಾಗದಲ್ಲಿ, ಹಿಂದಿನ ಚಕ್ರ ಇದ್ದ ಕಡೆ, ಕಾರು ಇಳಿಜಾರಿಗೆ ಜಾರದಂತೆ ಒತ್ತಿಟ್ಟ ಕಲ್ಲು ಹಾಗೇ ಕೂತಿತ್ತು. ಅದರ ಹಿಂದೆ, ಬರುವ ಗಾಡಿಯವರಿಗೆ ಕಾಣಲೆಂದು ರಸ್ತೆಗೆ ಅಡ್ಡಲಾಗಿ ಹಾಕಿದ ಹೊಂಗೆ ಸೊಪ್ಪು ಬಿಸಿಲಿಗೆ ಬಾಡತೊಡಗಿತ್ತು. ಹಾಕಿದ ನೆನಪೇ ಅವನಿಗಿರಲಿಲ್ಲ. ಈ ಹಾಳು ಕಾರು ನಿಂತಲ್ಲೆಲ್ಲ ಕಲ್ಲು ಕೊಟ್ಟು ಸೊಪ್ಪು ಮುರಿದು ಹಾಕಿ ಹಾಕಿ ಪಳಗಿದ್ದ ಕೈ, ಕಿವಿಗೆ ಫೋನ್ ಇದ್ದಾಗ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಮದನ್ ಸೊಪ್ಪು ನೋಡಿ ರುದ್ರೇಶನ ಮುಖ ನೋಡಿದ. ಮಾವ ಹೆಗಲ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡರು. ನಂಜುಂಡಸ್ವಾಮಿ ಒಂದು ಕೊಂಬೆ ಎತ್ತಿ ಎಲೆ ಕೊಡವಿ, ದನಿ ಏರಿಸದೆ ಕೇಳಿದರು: "ಓಡೋ ಗಾಡಿಗೆ ಯಾರಾದ್ರೂ ಸೊಪ್ಪು ಆಕ್ತಾರೇನ್ರೀ?"