ಸತ್ತವನ ನೀಲಿ ಮಫ್ಲರ್

"ಬಾಗಿಲು! ಅಯ್ಯೋ, ಯಾರಾದ್ರೂ ಬಾಗಿಲು ಹಿಡೀರಿ!"

ಓರ್ನೆಲ್ಲಾ ಕೂಗುತ್ತಲೇ ಪ್ಲಾಟ್‌ಫಾರ್ಮಿನ ಮೇಲೆ ಓಡಿ ಬಂದಳು. ಒಂದು ಕೈಯಲ್ಲಿ ಅಜ್ಜಿ, ಇನ್ನೊಂದು ಕೈಯಲ್ಲಿ ಅಜ್ಜಿಯ ಬುಟ್ಟಿ. ನೇಪಲ್ಸ್‌ನಿಂದ ವೆಸೂವಿಯೊ ಬೆಟ್ಟದ ಬುಡ ಬಳಸಿ ಹೋಗುವ ಲೋಕಲ್ ರೈಲು ಹೊರಡುವುದರಲ್ಲಿತ್ತು. ಬಾಗಿಲುಗಳು ಇನ್ನೇನು ಕೂಡಿಕೊಳ್ಳಬೇಕು...

ಸರಕ್ಕನೆ ಒಂದು ಹಳದಿ ಕೊಡೆ ನಡುವೆ ತೂರಿಕೊಂಡಿತು!

ಕೊಡೆಯ ಹಿಂದೆ ಒಬ್ಬ ಯುವಕ. ಕೆದರಿದ ಕೂದಲು, ಎದೆಯ ಮೇಲೆ ಗೈಡ್ ಬಿಲ್ಲೆ, ತುಟಿಯ ತುಂಬ ನಗು.

"ಬನ್ನಿ, ಬನ್ನಿ! ನಾವು ನೋಡೋಕೆ ಹೋಗ್ತಿರೋ ಊರು ಎರಡು ಸಾವಿರ ವರ್ಷದಿಂದ ಕಾಯ್ತಾ ಕೂತಿದೆ. ಈ ರೈಲಿಗೆ ಅಷ್ಟು ತಾಳ್ಮೆ ಇಲ್ಲ!"

ಅವನು ನಗುತ್ತಲೇ ಅಜ್ಜಿಯ ಕೈ ಹಿಡಿದು ಮೇಲೆತ್ತಿಕೊಂಡ. ಆಗ ಅಜ್ಜಿಯ ಮುಖ ಸರಿಯಾಗಿ ಕಂಡಿತು. ನಗು ತಟ್ಟನೆ ನಿಂತಿತು. ಅವನ ಕಣ್ಣು ಅಜ್ಜಿಯಿಂದ ಓರ್ನೆಲ್ಲಾಳತ್ತ ಸರಿದು, ಅವಳ ಕೊರಳಲ್ಲಿದ್ದ ಹಳೆಯ ನೀಲಿ ಮಫ್ಲರಿನ ಮೇಲೆ ನೆಟ್ಟಿತು.

"ಏನಾಯ್ತು?" ಎಂದಳು ಓರ್ನೆಲ್ಲಾ.

"ಏನಿಲ್ಲ." ಅವನು ಮುಖ ತಿರುಗಿಸಿಕೊಂಡ. "ಒಳಗೆ ಕೂತ್ಕೊಳ್ಳಿ."

ಓರ್ನೆಲ್ಲಾಳಿಗೆ ಮೈ ಉರಿಯಿತು. 'ಇದೇನಿವನು! ಮಫ್ಲರ್ ಹಳೇದು ಅಂತಲಾ ಆ ನೋಟ? ಇದರ ಬೆಲೆ ಇವನಿಗೇನು ಗೊತ್ತು!'

ಹೌದು, ಆ ಮಫ್ಲರಿನ ಬೆಲೆ ಗೊತ್ತಿದ್ದುದು ಅವಳೊಬ್ಬಳಿಗೇ. ತುದಿಯಲ್ಲಿ ದಾರ ಬಿಟ್ಟ ಆ ಉಣ್ಣೆಯ ತುಂಡು ಒಂದು ವರ್ಷದಿಂದ ಅವಳ ದಿಂಬಿನ ಕೆಳಗೆ ಮಲಗುತ್ತಿತ್ತು. ಅದರ ಒಡೆಯ ಯಾರು, ಹೇಗಿದ್ದಾನೆ... ಅವಳು ಕಂಡವಳಲ್ಲ. ಆದರೂ ಅವನಿಗೆ ಹೇಳಬೇಕಾದ ಒಂದು ಮಾತು ವರ್ಷವಿಡೀ ಗಂಟಲಲ್ಲೇ ಕೂತಿತ್ತು.

ಡಬ್ಬಿಯೊಳಗೆ ನೇಪಲ್ಸ್‌ನ ಅವರದೇ ಸನಿತಾ ಕೇರಿಯ ಚರ್ಚಿನ ಮುದುಕಿಯರೆಲ್ಲ ಸೇರಿದ್ದರು. ವೆಸೂವಿಯೊ ಸಿಡಿದು ಹೂತುಹೋಗಿದ್ದ ಎರ್ಕೊಲಾನೋದ ಪಾಳು ನಗರಕ್ಕೆ ಒಂದು ದಿನದ ಪ್ರವಾಸ. ಆಗಲೇ ತರಾಲ್ಲಿ ಎಂಬ ಬಳೆಯಾಕಾರದ ಖಾರದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿಕೊಂಡು ಮೆಣಸಿನ ಘಾಟು ಹರಡಿದ್ದರು.

"ವಿಂಚೆನ್ಸಾ, ಬುಟ್ಟೀಲೇನೇ?" ಓರಗೆಯ ತಿತಿನಾ ಅಜ್ಜಿ ಇಣುಕಿದಳು. "ಸೇವಂತಿಗೆ? ದೀಪ? ಪ್ರವಾಸಕ್ಕೆ ಬಂದಿದ್ದೀಯೋ, ಮಣ್ಣಿಗೆ ಬಂದಿದ್ದೀಯೋ?"

"ಹರಕೆ ಕಣೇ. ಅಲ್ಲಿ ದೀಪ ಹಚ್ಚು ಅಂತ ನನ್ನ ನಿಕೊಲಿನೊ ಕನಸಲ್ಲಿ ಬಂದು ಹೇಳಿದಾನೆ," ಎಂದಳು ಓರ್ನೆಲ್ಲಾಳ ಅಜ್ಜಿ.

ನಿಕೊಲಿನೊ ಎಂದರೆ ಒಂದು ತಲೆಬುರುಡೆ. ಅವರ ಕೇರಿಯ ಗುಹೆಯಲ್ಲಿ ಹೆಸರಿಲ್ಲದ ಬುರುಡೆಗಳು ಸಾಲುಗಟ್ಟಿವೆ. ಕೇರಿಯ ಹೆಂಗಸರು ಒಂದೊಂದನ್ನು ದತ್ತು ತೆಗೆದುಕೊಳ್ಳುವುದು ಹಿಂದಿನ ಕಾಲದ ವಾಡಿಕೆ. ಧೂಳು ಒರೆಸಬೇಕು, ಹೆಸರಿಡಬೇಕು, ದೀಪ ಹಚ್ಚಬೇಕು, ಮನೆಯ ಕಷ್ಟ ಹೇಳಿಕೊಳ್ಳಬೇಕು. ಆ ಜೀವಕ್ಕೆ ನೀವು ತಂಪು ಕೊಟ್ಟರೆ ಅದು ನಿಮ್ಮ ಕೈ ಬಿಡುವುದಿಲ್ಲ. ಇಂಥ ಕಥೆಗಳನ್ನು ಕೇಳುತ್ತಲೇ ಅಪ್ಪ ಅಮ್ಮ ಇಲ್ಲದ ಓರ್ನೆಲ್ಲಾ ಅಜ್ಜಿಯ ಮಡಿಲಲ್ಲಿ ಬೆಳೆದಿದ್ದಳು.

"ಹೋದ ನವೆಂಬರು," ಅಜ್ಜಿ ಶುರುಮಾಡಿದಳು. ಇಡೀ ಡಬ್ಬಿ ಕಿವಿ ನಿಮಿರಿಸಿತು. "ಇದೇ ರೈಲು. ತಂಗಿ ಮನೆಯಿಂದ ಒಬ್ಬಳೇ ಬರ್ತಿದ್ದೆ. ಎದೆ ಹಿಂಡಿ ಹಿಡಿದ ಹಾಗಾಯ್ತು. ಎರ್ಕೊಲಾನೋ ಪ್ಲಾಟ್‌ಫಾರ್ಮಲ್ಲಿ ಇಳಿದಿದ್ದೇ ಗೊತ್ತು, ಬಿದ್ದುಬಿಟ್ಟೆ. ಆಗ ಬಂದ ನೋಡಿ, ನನ್ನ ನಿಕೊಲಿನೊ! ತಲೆಯಿಂದ ಕಾಲಿನವರೆಗೂ ಬಿಳೀ ಬಿಳೀ. ಕೂದಲು, ಹುಬ್ಬು, ಕೈ, ಎಲ್ಲ ಸುಣ್ಣದ ಹಾಗೆ. ಕೈಯಂತೂ ಮಂಜುಗಡ್ಡೆ! ನನ್ನ ತಲೆಯನ್ನ ತೊಡೆ ಮೇಲಿಟ್ಕೊಂಡ, ತನ್ನ ಮಫ್ಲರು ಸುತ್ತಿದ, ಆಂಬುಲೆನ್ಸ್ ಬರೋವರೆಗೂ ಮಾತಾಡಿಸ್ತಾನೇ ಇದ್ದ. ಆಮೇಲೆ ನೋಡ್ತೀನಿ, ಇಲ್ಲ! ಮಾಯ!"

"ಯೇಸುವೇ!" ಮುದುಕಿಯರು ಎದೆ ಮುಟ್ಟಿಕೊಂಡರು.

"ಏನು ಮಾತಾಡಿಸಿದ?" ತಿತಿನಾ ಕೇಳಿದಳು.

"ಅದನ್ನ ಮಾತ್ರ ಹೇಳಲ್ಲ. ಸತ್ತವರು ಆಡಿದ ಮಾತನ್ನ ಬೀದೀಲಿ ಹರಡಬಾರದು."

ಅಜ್ಜಿಯ ಸುಕ್ಕು ಮುಖ ದೀಪದಂತೆ ಬೆಳಗುತ್ತಿತ್ತು. ಓರ್ನೆಲ್ಲಾ ಕಿಟಕಿಯತ್ತ ತಿರುಗಿದಳು. ಅಂದು ಸುದ್ದಿ ಕೇಳಿ ಅವಳು ಮುಂದಿನ ರೈಲು ಹಿಡಿದು ಓಡಿ ಬಂದಾಗ, ಸ್ಟೇಷನ್ನಿನ ಮುಂದೆ ಇನ್ನೂ ನಿಂತಿದ್ದ ಆಂಬುಲೆನ್ಸಿನಲ್ಲಿದ್ದುದು ಅಜ್ಜಿ ಮತ್ತು ಈ ಮಫ್ಲರು, ಅಷ್ಟೇ. 'ಸತ್ತವರು ಮಫ್ಲರ್ ಹಾಕ್ಕೊಳ್ತಾರಾ ಅಜ್ಜಿ?' ಎಂದು ಕೇಳಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಆದರೆ ಅವನು ಬದುಕಿದ್ದಾನೆ ಎಂದು ಅವಳ ಎದೆಗೆ ಗೊತ್ತಿತ್ತು. ಎಲ್ಲೋ ಇದ್ದಾನೆ... ಒಂದು ಸಲ ಸಿಕ್ಕರೆ ಸಾಕು... 'ನನಗೆ ಈ ಲೋಕದಲ್ಲಿ ಇರೋದು ಒಂದೇ ಜೀವ. ಅದನ್ನ ಉಳಿಸಿಕೊಟ್ಟೆಯಲ್ಲ' ಎಂದು ಹೇಳಬೇಕಿತ್ತು.

ಬಾಗಿಲ ಬಳಿ ನಿಂತಿದ್ದ ಗೈಡ್ ಬಿಯಾಜೊ ಕಥೆಯನ್ನು ಪೂರ್ತಿ ಕೇಳಿದ್ದ. ಒಂದೆರಡು ಸಲ ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಸುಮ್ಮನಾದ. ಎರ್ಕೊಲಾನೋ ಬರುವವರೆಗೂ ಕೊಡೆಯ ಹಿಡಿಯನ್ನು ತಿರುಗಿಸುತ್ತಲೇ ನಿಂತಿದ್ದ.

*

ಪಾಳು ನಗರ ಇಂದಿನ ಬೀದಿಗಳಿಗಿಂತ ಬಹಳ ಕೆಳಗೆ, ಅಗೆದ ಹೊಂಡದಲ್ಲಿತ್ತು. ಬಿಯಾಜೊ ಚೆನ್ನಾಗಿಯೇ ಹೇಳುತ್ತಿದ್ದ. ಸುಟ್ಟು ಕಲ್ಲಿದ್ದಲಾದ ಮಂಚ, ತೊಟ್ಟಿಲು, ರೋಟಿ ಅಂಗಡಿಯ ಒಲೆ. ಮುದುಕಿಯರು ನಡುನಡುವೆ ತಮ್ಮದೂ ಸೇರಿಸುತ್ತಿದ್ದರು.

"ಅಡುಗೆಮನೆ ಇಷ್ಟು ಚಿಕ್ಕದಾ? ಅತ್ತೆ ಸೊಸೆ ಹೇಗೆ ಹೊಂದ್ಕೊಳ್ತಿದ್ರೋ!"

"ಅದಕ್ಕೇ ಬೆಟ್ಟ ಸಿಡಿದಿದ್ದು ಕಣೇ!"

ಎಲ್ಲರೂ ನಕ್ಕರು. ಹಳೆಯ ಕಡಲತೀರಕ್ಕೆ ಬಂದಾಗ ಮಾತ್ರ ನಗು ಅಡಗಿತು.

ಕಲ್ಲಿನ ಕಮಾನುಗಳ ಸಾಲು. ಒಂದು ಕಾಲದಲ್ಲಿ ದೋಣಿ ನಿಲ್ಲಿಸುತ್ತಿದ್ದ ಕೋಣೆಗಳು. ಒಳಗೆ ಮೂಳೆಗಳು... ಒಂದನ್ನೊಂದು ಅಪ್ಪಿಕೊಂಡವು, ಮಗುವನ್ನು ಒಡಲಿಗೆ ಅವಚಿಕೊಂಡವು.

"ಸಮುದ್ರದ ಕಡೆಯಿಂದ ದೋಣಿ ಬರುತ್ತೆ ಅಂತ ಕಾಯ್ತಾ ಇದ್ರು," ಬಿಯಾಜೊ ಮೆಲ್ಲಗೆ ಹೇಳಿದ. "ಬರಲಿಲ್ಲ."

ವಿಂಚೆನ್ಸಾ ಅಜ್ಜಿಯ ಕಣ್ಣು ತುಂಬಿತು. "ಪಾಪ... ಇವರನ್ನ ದತ್ತು ತಗೊಂಡೋರು ಯಾರೂ ಇಲ್ವಾ? ಇಷ್ಟು ವರ್ಷದಿಂದ ಒಂದು ದೀಪ ಇಲ್ಲ, ಒಂದು ಮಾತಿಲ್ಲ..."

ಅವಳು ಕಂಬಿಯ ಬಳಿ ಕುಕ್ಕರಗಾಲಿನಲ್ಲಿ ಕೂತಳು. ಸೇವಂತಿಗೆ ಇಟ್ಟಳು. ಕೆಂಪು ಗಾಜಿನ ದೀಪ ಹಚ್ಚಿದಳು.

ಬಿಯಾಜೊ ಒಂದೇ ಹೆಜ್ಜೆಗೆ ಮುಂದೆ ಬಂದ. ಬಾಗಿದ. ಉಫ್!

ದೀಪ ಆರಿತು.

ಮುದುಕಿಯರು ಉಸಿರು ಎಳೆದುಕೊಂಡರು. ಸತ್ತವರಿಗೆ ಹಚ್ಚಿದ ದೀಪವನ್ನು ಊದಿ ಆರಿಸುವುದೇ! ಅವನು ಆ ದೀಪವನ್ನೂ ಹೂವನ್ನೂ ಎತ್ತಿ ಸರಸರನೆ ತನ್ನ ಚೀಲಕ್ಕೆ ತುರುಕಿಕೊಂಡ. "ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ ಅಜ್ಜಿ. ಎದ್ದೇಳಿ. ಬೇಗ."

ಓರ್ನೆಲ್ಲಾಳ ಸಹನೆಯ ಕಟ್ಟೆ ಒಡೆಯಿತು.

"ನಿಮಗೆ ಕರುಳು ಅನ್ನೋದು ಇದೆಯಾ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ? ಊದಿ ಆರಿಸ್ತೀರಲ್ಲ!" ಅವಳು ಮಫ್ಲರಿನ ತುದಿ ಎತ್ತಿ ತೋರಿಸಿದಳು. "ಈ ಮಫ್ಲರ್ ನೋಡಿ ಬೆಳಗ್ಗೆ ಮುಖ ತಿರುಗಿಸಿದ್ರಿ. ಇದನ್ನ ಹಾಕ್ಕೊಂಡಿದ್ದೋನು ಮನುಷ್ಯ! ಗುರುತಿಲ್ಲದ ಮುದುಕಿಗೆ ತನ್ನ ತೊಡೆ ಕೊಟ್ಟೋನು. ಅವನ ಕಾಲ ಧೂಳಿಗೂ ನೀವು ಸಮ ಅಲ್ಲ!"

ಬಿಯಾಜೊ ಅವಳನ್ನೇ ನೋಡಿದ. ಕಿವಿ ಕೆಂಪಾಯಿತು.

"ಇರಬಹುದು," ಎಂದಷ್ಟೇ ಹೇಳಿ ಕೊಡೆ ಎತ್ತಿ ಮುಂದೆ ನಡೆದ.

ಅದೇ ಹೊತ್ತಿಗೆ ಕಮಾನಿನ ತಿರುವಿನಿಂದ ಕಾವಲುಗಾರ ಬಂದ. ಮೂಗು ಅರಳಿಸಿ ಗಾಳಿ ಮೂಸಿದ. "ಯಾರಾದ್ರೂ ಬೆಂಕಿ ಹಚ್ಚಿದ್ರಾ? ಹಚ್ಚಿದ್ರೆ ಇಡೀ ಗುಂಪನ್ನೇ ಆಚೆ ಹಾಕ್ತೀನಿ!" ಬಿಯಾಜೊ ತಿರುಗಿ ನೋಡದೆ, "ನಾನೇ ಸಿಗರೇಟಿಗೆ ಕಡ್ಡಿ ಗೀರಿದ್ದು. ತಪ್ಪಾಯ್ತು," ಎಂದ. ಎಲ್ಲರ ಮುಂದೆ ಬೈಸಿಕೊಂಡು ತಲೆ ತಗ್ಗಿಸಿ ನಿಂತ.

ಓರ್ನೆಲ್ಲಾಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. 'ಬೆಳಗ್ಗೆ ಆ ನೋಟ ಮತ್ತೆ ಯಾಕೆ...?'

*

ಹೊರಗೆ ಹೋಗುವ ದಾರಿ ಉದ್ದದ ಏರು. ಅರ್ಧ ಹತ್ತುವಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಳು. ತುಟಿ ಬಿಳಿಚಿತ್ತು.

"ಅಜ್ಜಿ!" ಓರ್ನೆಲ್ಲಾ ಚೀರಿದಳು.

ಕೊಡೆ ಬಿಸಾಡಿ ಓಡಿ ಬಂದವನು ಬಿಯಾಜೊ. ಅಜ್ಜಿಯನ್ನು ಕಲ್ಲಿನ ಮೇಲೆ ಕೂರಿಸಿದ, ಬೆನ್ನಿಗೆ ತನ್ನ ತೋಳು ಕೊಟ್ಟ, ಅವಳ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತುತ್ತ ಮುಖದ ಹತ್ತಿರ ಬಾಗಿದ.

"ಕಣ್ಣು ಮುಚ್ಚಬೇಡಿ ಅಜ್ಜಿ. ನನ್ನನ್ನ ನೋಡಿ. ಮಾತಾಡಿ. ರಗೂ ಹೇಗೆ ಮಾಡೋದು? ಆವತ್ತು ಈರುಳ್ಳಿ ಹತ್ರಾನೇ ನಿಂತುಬಿಟ್ಟಿತು. ಈರುಳ್ಳಿ ಕರಗಿ ಕಾಣದ ಹಾಗಾಯ್ತು... ಆಮೇಲೆ ಏನು ಹಾಕ್ಬೇಕು?"

ಓರ್ನೆಲ್ಲಾ ಕಲ್ಲಾದಳು.

ಈರುಳ್ಳಿ! ಸತ್ತವನು ರಗೂ ಎಂಬ ಮಾಂಸದ ಗೊಜ್ಜು ಮಾಡುವ ಬಗೆ ಕೇಳಿದ, ಅಜ್ಜಿ ಈರುಳ್ಳಿಯವರೆಗೆ ಹೇಳುವಷ್ಟರಲ್ಲಿ ಆಂಬುಲೆನ್ಸ್ ಬಂತು... ಅಜ್ಜಿ ಅದನ್ನು ಹೇಳಿದ್ದು ತನಗೊಬ್ಬಳಿಗೇ. ಅದೂ ಕಿವಿಯಲ್ಲಿ, ಆಣೆ ಹಾಕಿಸಿಕೊಂಡು!

ತನ್ನ ಬಾಯಿಂದ ಏನು ಜಾರಿತೆಂದು ಬಿಯಾಜೊನಿಗೂ ಅರಿವಾಯಿತು. ಅವನು ಕಣ್ಣು ತಗ್ಗಿಸಿದ.

"ಕೆಂಪು ವೈನು," ಅಜ್ಜಿ ಮೆಲ್ಲಗೆ ಹೇಳಿದಳು. ತುಟಿಗೆ ಬಣ್ಣ ಮರಳುತ್ತಿತ್ತು. "ಸ್ವಲ್ಪ ಸ್ವಲ್ಪವೇ." ಆಮೇಲೆ ಕಣ್ಣು ಕಿರಿದು ಮಾಡಿ ಅವನ ಕೆನ್ನೆಯನ್ನು ಬಲವಾಗಿ ಚಿವುಟಿದಳು.

"ಅಯ್ಯೋ! ಅಜ್ಜಿ!"

"ಬೆಚ್ಚಗಿದೆ! ನೀನು ಸತ್ತಿಲ್ವೇನೋ?"

"ಇಲ್ಲ ಅಜ್ಜಿ... ಚಳಿಗಾಲದಲ್ಲಿ ಪ್ರವಾಸಿಗಳು ಕಮ್ಮಿ. ಆಗ ಇಲ್ಲೇ ಗೋಡೆ ರಿಪೇರಿಗೆ ಸುಣ್ಣ ಕಲೆಸೋಕೆ ಹೋಗ್ತೀನಿ. ಆವತ್ತು ಕೆಲಸದಿಂದ ಹಾಗೇ ಬಂದಿದ್ದೆ."

"ಮತ್ತೆ ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೆ ಯಾಕೆ?"

ಬಿಯಾಜೊ ಕೆನ್ನೆ ಉಜ್ಜಿಕೊಂಡ. "ರೈಲಲ್ಲಿ ನಿಕೊಲಿನೊ ಬಗ್ಗೆ ಹೇಳುವಾಗ ನಿಮ್ಮ ಮುಖ ನೋಡ್ದೆ. ನಾನು ಬಾಯಿ ಬಿಟ್ರೆ ಅವನನ್ನ ನಿಮ್ಮಿಂದ ಕಿತ್ಕೊಂಡ ಹಾಗಾಗ್ತಿತ್ತು. ಮನಸ್ಸು ಬರಲಿಲ್ಲ."

ಅಜ್ಜಿ ಆ ಕೆದರಿದ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಹುಚ್ಚಪ್ಪಾ! ನನ್ನ ನಿಕೊಲಿನೊಗೆ ಇರೋದು ಬರೀ ತಲೆ. ನನ್ನನ್ನ ಎತ್ತಿ ಹಿಡಿಯೋಕೆ ಅವನಿಗೆ ಯಾರದ್ದಾದ್ರೂ ಕೈ ಬೇಕಿತ್ತಲ್ವಾ? ನಿನ್ನದನ್ನ ಇಸ್ಕೊಂಡ. ಅಷ್ಟೇ!"

ಬಿಯಾಜೊ ನಕ್ಕ. ಓರ್ನೆಲ್ಲಾಳ ಕೆನ್ನೆಯ ಮೇಲೆ ನೀರು ತಾನಾಗಿಯೇ ಇಳಿಯುತ್ತಿತ್ತು.

*

ಸ್ಟೇಷನ್ನಿಗೆ ಹೋಗುವ ಬೀದಿಯ ಮೂಲೆಯಲ್ಲಿ ಗೋಡೆಗೂಡು. ಒಳಗೆ ಮಾತೆ ಮರಿಯಮ್ಮ, ಕಾಲಡಿಯಲ್ಲಿ ಹೆಸರಿಲ್ಲದವರಿಗಾಗಿ ಹಚ್ಚಿದ ದೀಪಗಳು. ಬಿಯಾಜೊ ಚೀಲದಿಂದ ಅಜ್ಜಿಯ ಕೆಂಪು ದೀಪವನ್ನೂ ತುಸು ನಲುಗಿದ ಸೇವಂತಿಗೆಯನ್ನೂ ತೆಗೆದ.

"ಕೆಳಗೆ ಹಚ್ಚೋ ಹಾಗಿಲ್ಲ. ಅದಕ್ಕೇ ನಾನು ಅವರಿಗೆ ಇಲ್ಲಿ ಹಚ್ತೀನಿ," ಎಂದು ಕಡ್ಡಿ ಗೀರಿದ.

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ತಿತಿನಾಳ ತೋಳು ಹಿಡಿದಳು. "ನಡಿಯೇ, ನಾವು ಮುಂದೆ ಹೋಗೋಣ. ನನ್ನ ಕಾಲು ನಿಧಾನ."

"ನಿನ್ನ ಕಾಲು ನಿಧಾನ, ತಲೆ ಮಾತ್ರ ಜೋರು!" ತಿತಿನಾ ಕಣ್ಣು ಮಿಟುಕಿಸಿದಳು.

ಗೂಡಿನ ಮುಂದೆ ಇಬ್ಬರೇ ಉಳಿದರು.

ವರ್ಷವಿಡೀ ಕನ್ನಡಿಯ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದ ಮಾತೆಲ್ಲ ಈಗ ಎಲ್ಲಿ ಹೋಯಿತೋ! ಓರ್ನೆಲ್ಲಾ ಮಫ್ಲರ್ ಬಿಚ್ಚಿದಳು. "ನಿಮ್ಮದು... ತಗೊಳ್ಳಿ. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಕಾಲ ಧೂಳು ಅಂತೆಲ್ಲ..."

"ನೀವು ಬೈದಿದ್ದು ನನ್ನನ್ನ, ಹೊಗಳಿದ್ದೂ ನನ್ನನ್ನೇ. ಲೆಕ್ಕ ಸರಿಹೋಯ್ತು."

ಅವಳು ಅಳುತ್ತಲೇ ನಕ್ಕಳು. "ಪ್ರತಿ ಶನಿವಾರ ಈ ರೈಲು ಹತ್ತಿ ಬರ್ತಿದ್ದೆ. ಪ್ಲಾಟ್‌ಫಾರ್ಮಲ್ಲಿ ಎಲ್ಲರ ಮುಖ ನೋಡ್ತಾ ಕೂರ್ತಿದ್ದೆ. ಸಿಕ್ಕಿದ್ರೆ ಥ್ಯಾಂಕ್ಸ್ ಹೇಳಬೇಕು ಅಂತ..."

ಬಿಯಾಜೊ ಬೆರಗಾಗಿ ನೋಡಿದ. "ಶನಿವಾರ ನನಗೆ ಕೆಲಸ. ನಾನು ಕೂರ್ತಿದ್ದಿದ್ದು ಭಾನುವಾರ."

"ನೀವೂ? ಯಾಕೆ?"

"ಆವತ್ತು ನೀವು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬರಿಗಾಲಲ್ಲಿ ಓಡಿ ಬಂದ್ರಿ. ಅಜ್ಜಿಯನ್ನ ತಬ್ಬಿಕೊಂಡು ಅತ್ರಿ. ನಾನು ಕಂಬದ ಹಿಂದೆ ನಿಂತಿದ್ದೆ, ಮೈಯೆಲ್ಲ ಸುಣ್ಣ... ಹೇಗೆ ಎದುರಿಗೆ ಬರೋದು?" ಅವನ ದನಿ ತಗ್ಗಿತು. "ಇಷ್ಟು ಪ್ರೀತಿ ಮಾಡೋರು ಇರ್ತಾರಾ ಅನ್ನಿಸ್ತು. ಮತ್ತೆ ಒಂದು ಸಲ ನೋಡ್ಬೇಕು ಅಂತ ಕಾದೆ. ಬೆಳಗ್ಗೆ ಬಾಗಿಲಲ್ಲಿ ಕಂಡಾಗ, ಅದೂ ನನ್ನ ಮಫ್ಲರ್ ಹಾಕ್ಕೊಂಡು... ಮಾತೇ ಹೊರಡಲಿಲ್ಲ. ಭಾನುವಾರ ಒಂದು ಸಲವೂ ಯಾಕೆ ಬರಲಿಲ್ಲ ನೀವು?"

"ಭಾನುವಾರ ಅಜ್ಜಿ ರಗೂಗೆ ಇಡ್ತಾಳೆ. ಅದು ಒಲೆ ಮೇಲೆ ಗೊಣಗ್ತಾ ಇರುವಾಗ ಮನೆ ಬಿಟ್ಟು ಹೋದ್ರೆ ಕೊಲೆ!"

ದೂರದಿಂದ ಅಜ್ಜಿಯ ದನಿ ಬೀದಿಯನ್ನೇ ಸೀಳಿತು. "ಏ ಗೈಡೂ! ನಾಳೆ ಭಾನುವಾರ. ಊಟಕ್ಕೆ ಬಾ! ಉಳಿದಿದ್ದನ್ನ ಒಲೆ ಮುಂದೆಯೇ ಹೇಳಿಕೊಡ್ತೀನಿ!"

ಓರ್ನೆಲ್ಲಾಳ ಮುಖ ಕೆಂಪೇರಿತು. ಅವರ ಕೇರಿಯಲ್ಲಿ ಹರೆಯದ ಹುಡುಗನನ್ನು ಭಾನುವಾರದ ಊಟದ ಮೇಜಿಗೆ ಕರೆದರೆ ಅದರರ್ಥ ಎಲ್ಲರಿಗೂ ಗೊತ್ತು.

"ಮದುವೆಗೆ ಆ ಬುರುಡೆಯನ್ನೂ ಕರೀತೀಯೇನೇ?" ತಿತಿನಾ ರೇಗಿಸುತ್ತಿದ್ದಳು.

"ಕರೀದೆ? ಹುಡುಗನನ್ನ ಹುಡುಕಿದೋನೇ ಅವನು!"

ಬಿಯಾಜೊ ಮಫ್ಲರನ್ನು ತೆಗೆದುಕೊಂಡು ಮತ್ತೆ ಅವಳ ಕೊರಳಿಗೇ ಸುತ್ತಿದ. ಸುತ್ತುವಾಗ ಅವನ ಬೆರಳು ಅವಳ ಗಲ್ಲಕ್ಕೆ ತಾಕಿತು.

"ಕೈ ಈಗಲೂ ಮಂಜುಗಡ್ಡೆ," ಎಂದಳು ಅವಳು, ಮೆಲ್ಲಗೆ.

"ವರ್ಷದಿಂದ ಮಫ್ಲರ್ ಇರಲಿಲ್ವಲ್ಲ."

"ಹಾಗಾದ್ರೆ ವಾಪಸ್ ತಗೋ."

"ಬೇಡ. ನೀನೇ ಹಾಕ್ಕೋ." ಅವನೂ ಸಲೀಸಾಗಿ 'ನೀನು' ಅಂದಿದ್ದ. "ಒಂದು ತುದಿ ಮಾತ್ರ ನನಗೆ ಕೊಡು."

ಅವಳು ಕೊಟ್ಟಳು. ದಾರ ಬಿಟ್ಟ ಆ ತುದಿಯನ್ನು ಅವನ ತಣ್ಣನೆಯ ಬೆರಳುಗಳಿಗೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡಳು.

"ಬಿಯಾಜೊ... ಥ್ಯಾಂಕ್ಸ್."

"ಇನ್ನೊಂದು ಸಲ ಹೇಳು. ವರ್ಷದಿಂದ ಕಾದಿದ್ದೀನಿ."

"ನಾಳೆ ಹೇಳ್ತೀನಿ, ಊಟಕ್ಕೆ ಬಂದಾಗ."

"ನಾಡಿದ್ದು?"

"ನಾಡಿದ್ದೂ."