ತಾ ಅಂದರೆ ತಾ

"ಅಜ್ಜಿ, ಪ್ಲೀಸ್! ಆ ಮಂಕಿ ಕ್ಯಾಪ್ ತೆಗಿ. ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡೆ. ನಂಗೆ ಕಿವಿನೋವು ಬಂದ್ರೆ ಅವರು ಬಂದು ಎಣ್ಣೆ ಬಿಡ್ತಾರಾ? ನಿಂಗೂ ಒಂದು ತಂದಿದೀನಿ, ಹಾಕ್ಕೋ."

"ಬೇಡ!" ಎಂದು ಇರಾ ಹಲ್ಲು ಕಚ್ಚಿದಳು.

ಸ್ವೀಡನ್ನಿನ ಗೋಥೆನ್‌ಬರ್ಗಿನ ಬಂದರಿನ ಪಕ್ಕದಲ್ಲಿ ಕ್ರಿಸ್ಮಸ್ ಮಾರ್ಕೆಟ್ ನಡೆದಿತ್ತು. ಕ್ರಿಸ್ಮಸ್ ಮಾರ್ಕೆಟ್ ಎಂದರೇನು? ಸಮುದ್ರದ ಗಾಳಿಗೆ ಮೂಗು ಕೆಂಪು ಮಾಡಿಕೊಂಡು, ಒಣಹುಲ್ಲಿನಲ್ಲಿ ಕಟ್ಟಿದ ಆಡಿನ ಗೊಂಬೆಗಳನ್ನು ನೋಡಿ, "ಆಹಾ, ಎಷ್ಟು ಚೆನ್ನಾಗಿದೆ" ಎಂದು ಹೇಳಿ, ಏನನ್ನೂ ಕೊಳ್ಳದೆ ಮುಂದೆ ಹೋಗುವುದು. ಇಷ್ಟಕ್ಕಾಗಿ ಜನ ಟ್ರಾಮ್ ಹತ್ತಿ ಬರುತ್ತಾರೆ.

ಅಮ್ಮ ಕಾಫಿಯ ಕ್ಯೂನಲ್ಲಿ ನಿಂತಿದ್ದಳು. ಆ ಕ್ಯೂ ಮುಗಿಯುವಷ್ಟರಲ್ಲಿ ಮುಂದಿನ ಕ್ರಿಸ್ಮಸ್ ಬಂದುಬಿಡುವಂತಿತ್ತು. ಹೀಗಾಗಿ, ಬೆಂಗಳೂರಿನಿಂದ ಬಂದ ಅಜ್ಜಿ ಇರಾಳ ಪಾಲಿಗೆ ಬಿದ್ದಿದ್ದಳು. ಸೀರೆಯ ಮೇಲೆ ಅಪ್ಪನ ಜಾಕೆಟ್ಟು, ಕಾಲಿಗೆ ಸ್ನೋ ಬೂಟು, ಕೈಯಲ್ಲಿ ಕೋಡುಬಳೆ ಡಬ್ಬಿ. ಅವಳ ಮುಂದೆ ಕ್ರಿಸ್ಮಸ್ ಮರವೇ ಸಪ್ಪೆ.

ಇರಾಳಿಗೆ ಒಂದೇ ಭಯ, ಎಬ್ಬಾ ನೋಡಿಬಿಟ್ಟರೆ? ಕ್ಲಾಸಿನ ಎಬ್ಬಾ ಹೋದ ವಾರವಷ್ಟೇ ಅವಳನ್ನು ತನ್ನ ಗುಂಪಿಗೆ ಸೇರಿಸಿಕೊಂಡಿದ್ದಳು. ಅದಕ್ಕೇ ಇರಾ ಹತ್ತು ಹೆಜ್ಜೆ ಮುಂದೆ ನಡೆದಳು.

ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ಲೇ ಇರಾ, ಬಾರೆ ಇಲ್ಲಿ! ಮೊಮ್ಮಕ್ಕಳನ್ನ ಕಂಡಿರೋಳಿಗೆ 'ತಾ, ತಾ' ಅಂತಾನೆ! 'ತನ್ನಿ' ಅನ್ನೋಕೆ ಇವನ ಬಾಯಿ ಬಿದ್ದುಹೋಗಿದ್ಯಾ?"

ಇರಾ ಓಡಿ ಬಂದು ನೋಡಿದರೆ, ಬಿಸ್ಕತ್ತಿನ ಅಂಗಡಿಯವನು ಟ್ರೇ ಚಾಚಿ ನಿಂತಿದ್ದ. ಸ್ವೀಡಿಷ್ ಭಾಷೆಯಲ್ಲಿ 'ತಾ' ಎಂದರೆ 'ತಗೋ'. ಪಾಪ, ಅವನು ರುಚಿ ನೋಡಲು ಬಿಸ್ಕತ್ತು ಕೊಡುತ್ತಿದ್ದ.

"ಹೋಗ್ಲಿ, ಹಸಿದಿರಬೇಕು," ಎಂದು ಅಜ್ಜಿ ಅವನ ಟ್ರೇಯಲ್ಲೇ ಎರಡು ಕೋಡುಬಳೆ ಇಟ್ಟಳು.

ಟ್ರೇಯ ಆಚೆ ಬದಿಯಲ್ಲಿ ಎಬ್ಬಾ ನಿಂತಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ಅವಳಿಗೆ ನಿಲ್ಲಲು ಬೇರೆ ಜಾಗವೇ ಸಿಕ್ಕಿರಲಿಲ್ಲ!

"ಅವರು ಯಾರು?" ಎಂದು ಎಬ್ಬಾ ಸ್ವೀಡಿಷ್‌ನಲ್ಲಿ ಕೇಳಿದಳು.

"ಗೊತ್ತಿಲ್ಲ," ಎಂದಳು ಇರಾ.

"ನಿನ್ನ ಹೆಸರು ಹಿಡಿದು ಕೂಗಿದರಲ್ಲ?"

ಇರಾ ಬಗ್ಗಿ, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಇನ್ನೊಮ್ಮೆ ಬಿಗಿದಳು.

ಅಂಗಡಿಯವನು ಕೋಡುಬಳೆಯನ್ನು ಕಟುಂ ಎಂದು ಕಡಿದ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆದರೂ ನಗುತ್ತಾ, ಇನ್ನೊಂದು ತಗೊಳ್ಳಲೇ ಎಂದು ಕೈ ಚಾಚಿ ಕೇಳಿದ. ಆ ಮಾತಿನಲ್ಲೂ ಒಂದು 'ತಾ' ಇತ್ತು.

"ನೋಡಿದ್ಯಾ? ನಾನು ಹೇಳಿಲ್ವಾ, ಕೇಳ್ತಿದಾನೆ ಅಂತ!" ಅಜ್ಜಿಗೆ ಹಿಗ್ಗೋ ಹಿಗ್ಗು. ಆಮೇಲೆ ಎಬ್ಬಾಳನ್ನು ನೋಡಿದಳು. "ನಿನ್ನ ಫ್ರೆಂಡೇನೆ? ನಾಚ್ಕೋತಿದಾಳೆ ಪಾಪ. ಅವಳ ಭಾಷೇಲಿ ಹೇಳು, ತಗೋ ಅಂತ."

ಅಜ್ಜಿಗೆ ಸ್ವೀಡಿಷ್ ಬರುವುದಿಲ್ಲ. 'ಗೊತ್ತಿಲ್ಲ' ಎಂದದ್ದೂ ಅವಳಿಗೆ ಅರ್ಥವಾಗಿರಲಿಲ್ಲ. ಅದೇ ಇರಾಳನ್ನು ಚುಚ್ಚಿತು.

ಅವಳು ಡಬ್ಬಿ ತೆಗೆದುಕೊಂಡು ಎಬ್ಬಾಳ ಮುಂದೆ ಹಿಡಿದಳು. "ತಾ," ಎಂದಳು. ಆಮೇಲೆ ಮೆಲ್ಲಗೆ ಸ್ವೀಡಿಷ್‌ನಲ್ಲಿ, "ಇವರು ನನ್ನ ಅಮ್ಮನ ಅಮ್ಮ. ಆಗ ಸುಳ್ಳು ಹೇಳಿದೆ."

ಎಬ್ಬಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಎರಡು ಕೋಡುಬಳೆ ಎತ್ತಿಕೊಂಡಳು.

ಗಾಳಿ ಜೋರಾಯಿತು. ಇರಾ ಅಜ್ಜಿಯ ಪಕ್ಕಕ್ಕೆ ಬಂದು ನಿಂತು ಕೈ ಚಾಚಿದಳು.

"ಏನೇ?"

"ಇನ್ನೊಂದು ಮಂಕಿ ಕ್ಯಾಪ್," ಎಂದಳು ಇರಾ. "ತಾ."